ಅಮೆರಿಕದಲ್ಲಿ ಹತ್ತು ಮನೆಯವರ ಬೇಸಿಗೆ ಕ್ಯಾಂಪಿಂಗ್: ಜಾಗ ಹಿಡಿಯುವುದರಿಂದ ಲೆಕ್ಕ ಮುಗಿಸುವವರೆಗೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಬೇಸಿಗೆಯ ಒಂದು ವಾರಾಂತ್ಯವನ್ನು ಒಟ್ಟಾಗಿ ಡೇರೆಗಳಲ್ಲಿ ಕಳೆಯಬೇಕೆಂದು ಹೊರಟಾಗ ಮೊದಲು ಹುಟ್ಟುವುದು ವಾಟ್ಸ್‌ಆ್ಯಪ್ ಗುಂಪು. ಅದರಲ್ಲಿ ಇಪ್ಪತ್ತು ಮನೆಯವರು ‘ನಾವೂ ಬರುತ್ತೇವೆ’ ಎಂದು ಹೇಳಿದ ಮೇಲೆ ಯಾರೋ ಒಬ್ಬರು ಜಾಗ ಹುಡುಕಲು ಕೂರುತ್ತಾರೆ. ಈ ಕ್ರಮವೇ ತಲೆಕೆಳಗಾದದ್ದು. ಇಲ್ಲಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಒಂದೊಂದು ಸೈಟಿಗೂ, ಎಂದರೆ ಡೇರೆ ಹೂಡಲು ಗುರುತಿಸಿದ ಜಾಗಕ್ಕೂ, ಎಷ್ಟು ಜನ, ಎಷ್ಟು ಡೇರೆ, ಎಷ್ಟು ಕಾರು ಎಂಬುದು ನಿಗದಿಯಾಗಿರುತ್ತದೆ; ‘ಸ್ವಲ್ಪ ಒತ್ತರಿಸಿಕೊಂಡು ಇರುತ್ತೇವೆ’ ಎಂಬ ಮಾತನ್ನು ಪಾರ್ಕಿನ ಅಧಿಕಾರಿಯಾದ ರೇಂಜರ್ ಕೇಳುವುದಿಲ್ಲ. ಆದ್ದರಿಂದ ಯಾವ ಜಾಗ ಸಿಗುತ್ತದೆ ಎಂಬುದು ಖಚಿತವಾದ ಮೇಲೆಯೇ ಎಷ್ಟು ಮನೆಯವರು ಹೋಗಬಹುದು ಎಂಬುದನ್ನು ತೀರ್ಮಾನಿಸಬೇಕು, ಮತ್ತು ಆ ಸಂಖ್ಯೆಯನ್ನು ಕೊನೆಯವರೆಗೂ ಬದಲಿಸಬಾರದು. ಹತ್ತು ಮನೆಯ, ಮೂವತ್ತೈದು ಜನರ ಗುಂಪು ಮೊದಲ ಬಾರಿಗೆ ಸಾಕಷ್ಟು ದೊಡ್ಡದೆಂದೇ ನನ್ನ ಅಭಿಪ್ರಾಯ.

ಜಾಗ ಕಾದಿರಿಸುವುದು

ನ್ಯಾಷನಲ್ ಪಾರ್ಕ್‌ಗಳು, ನ್ಯಾಷನಲ್ ಫಾರೆಸ್ಟ್‌ಗಳು ಮತ್ತು ಸೇನೆಯ ಎಂಜಿನಿಯರಿಂಗ್ ವಿಭಾಗವಾದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ನೋಡಿಕೊಳ್ಳುವ ಜಲಾಶಯಗಳ ದಂಡೆಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಬಹುಪಾಲನ್ನು ರಿಕ್ರಿಯೇಷನ್ ಡಾಟ್ ಗವ್ ಎಂಬ ಒಂದೇ ಜಾಲತಾಣದ ಮೂಲಕ ಕಾದಿರಿಸಬೇಕಾಗುತ್ತದೆ. ಸ್ಟೇಟ್ ಪಾರ್ಕ್‌ಗಳಿಗೆ ಆಯಾ ರಾಜ್ಯದ್ದೇ ಪ್ರತ್ಯೇಕ ವ್ಯವಸ್ಥೆಯಿದೆ. ಕ್ಯಾಲಿಫೋರ್ನಿಯದಲ್ಲಿ ಅದು ರಿಸರ್ವ್ ಕ್ಯಾಲಿಫೋರ್ನಿಯ. ಫೆಡರಲ್ ಕ್ಯಾಂಪ್‌ಗ್ರೌಂಡ್‌ಗಳ ಸಾಮಾನ್ಯ ಸೈಟುಗಳು ಹೆಚ್ಚಾಗಿ ಆರು ತಿಂಗಳ ಮುಂಚೆ ತೆರೆಯುತ್ತವೆ, ದೊಡ್ಡ ಗುಂಪುಗಳಿಗೆಂದೇ ಇರುವ ಗ್ರೂಪ್ ಸೈಟುಗಳು ಹಲವೆಡೆ ಒಂದು ವರ್ಷದ ಮುಂಚೆಯೇ ತೆರೆಯುತ್ತವೆ. ಯೊಸೆಮಿಟಿಯಂಥ ಕೆಲವು ಪಾರ್ಕ್‌ಗಳಿಗೆ ಬೇರೆಯದೇ ವೇಳಾಪಟ್ಟಿ ಇರುವುದರಿಂದ ಆಯಾ ಕ್ಯಾಂಪ್‌ಗ್ರೌಂಡಿನ ಪುಟದಲ್ಲಿ ತೆರೆಯುವ ದಿನ ಮತ್ತು ಗಂಟೆಯನ್ನು ನೋಡಿಕೊಂಡು, ಆ ಕ್ಷಣಕ್ಕೆ ಮೂರ್ನಾಲ್ಕು ಮಂದಿ ಬೇರೆ ಬೇರೆ ಖಾತೆಗಳಿಂದ ಸಿದ್ಧರಾಗಿ ಕುಳಿತಿರಬೇಕು. ಬೆಳಗಿನ ಕಾಫಿ ಕುಡಿದು ನಿಧಾನವಾಗಿ ನೋಡೋಣ ಎನ್ನುವಷ್ಟರಲ್ಲಿ ಹೆಸರುವಾಸಿ ಜಾಗಗಳು ಖಾಲಿಯಾಗಿರುತ್ತವೆ.

ಸಾಮಾನ್ಯ ಸೈಟಿನಲ್ಲಿ ಆರು ಅಥವಾ ಎಂಟು ಜನರಿಗೆ ಮಾತ್ರ ಅವಕಾಶ. ಯೊಸೆಮಿಟಿಯಲ್ಲಿ ಈ ಮಿತಿ ಆರು, ಕಂಕುಳ ಕೂಸೂ ಅದರಲ್ಲಿ ಒಂದು ಲೆಕ್ಕ. ಅಕ್ಕಪಕ್ಕದ ಐದಾರು ಸಾಮಾನ್ಯ ಸೈಟುಗಳು ಒಟ್ಟಿಗೆ ಸಿಗುವುದು ಅಪರೂಪ. ಸಿಕ್ಕರೂ ನಡುವೆ ಯಾರೋ ಅಪರಿಚಿತರ ಡೇರೆ ಸಿಕ್ಕಿಕೊಂಡು ಅವರಿಗೂ ನಮಗೂ ಮುಜುಗರವಾಗುತ್ತದೆ. ಗ್ರೂಪ್ ಸೈಟಿನಲ್ಲಿ ಈ ತೊಡಕಿಲ್ಲ. ವರ್ಜೀನಿಯದ ಷೆನಂಡೋವಾ ನ್ಯಾಷನಲ್ ಪಾರ್ಕಿನಲ್ಲಿ ಡಂಡೋ ಎಂಬ ಕ್ಯಾಂಪ್‌ಗ್ರೌಂಡ್ ಗುಂಪುಗಳಿಗೆಂದೇ ಇದೆ; ಗ್ರೇಟ್ ಸ್ಮೋಕಿ ಮೌಂಟನ್ಸ್‌ನಲ್ಲೂ ಗ್ರೂಪ್ ಸೈಟುಗಳಿವೆ. ಆದರೆ ಅಲ್ಲಿಯೂ ಕಾರುಗಳ ಸಂಖ್ಯೆಗೆ ಮಿತಿಯಿರುವುದರಿಂದ ಎರಡು ಮನೆಯವರು ಒಂದು ಗಾಡಿಯಲ್ಲಿ ಬರುವುದನ್ನು ಮೊದಲೇ ಮಾತಾಡಿಕೊಳ್ಳಬೇಕು. ನ್ಯಾಷನಲ್ ಪಾರ್ಕ್‌ಗಳ ಎಂಬತ್ತು ಡಾಲರಿನ ವಾರ್ಷಿಕ ಪಾಸ್ ಇದೆಯೆಂದು ಹಲವರು ನಿಶ್ಚಿಂತರಾಗಿರುತ್ತಾರೆ. ಅದು ಪ್ರವೇಶ ಶುಲ್ಕಕ್ಕೆ ಮಾತ್ರ, ಕ್ಯಾಂಪಿಂಗ್ ಶುಲ್ಕಕ್ಕೆ ಅಲ್ಲ.

ಮೊದಲ ಸಲ ಹೋಗುವ ಗುಂಪಿಗೆ ಹೆಸರಾಂತ ನ್ಯಾಷನಲ್ ಪಾರ್ಕ್‌ಗಿಂತ ಮನೆಯಿಂದ ಎರಡು ಗಂಟೆಯ ದಾರಿಯೊಳಗಿನ ಸ್ಟೇಟ್ ಪಾರ್ಕ್ ಮೇಲು. ಬಿಸಿನೀರಿನ ಸ್ನಾನದ ಮನೆ, ಕುಡಿಯುವ ನೀರಿನ ನಲ್ಲಿ, ಈಜಲು ಕೆರೆ, ಅವಶ್ಯಬಿದ್ದರೆ ಅರ್ಧ ಗಂಟೆಯಲ್ಲಿ ತಲುಪುವ ಊರು, ಇವಿಷ್ಟು ಇದ್ದರೆ ಸಾಕು. ಮೆಮೋರಿಯಲ್ ಡೇ, ಜುಲೈ ನಾಲ್ಕು ಮತ್ತು ಲೇಬರ್ ಡೇಗೆ ಅಂಟಿದ ವಾರಾಂತ್ಯಗಳನ್ನು ಬಿಟ್ಟುಬಿಡಿ. ಜೂನ್ ನಡುವಿನಲ್ಲಿ ಹಲವೆಡೆ ಶಾಲೆಗಳು ಮುಗಿದಿರುತ್ತವೆ, ಹಗಲು ದೀರ್ಘವಾಗಿರುತ್ತದೆ, ಪಶ್ಚಿಮದ ರಾಜ್ಯಗಳಲ್ಲಿ ಕಾಳ್ಗಿಚ್ಚಿನ ಭಯವೂ ಆಗಸ್ಟಿನಷ್ಟು ಇರುವುದಿಲ್ಲ.

ಹಣ, ಹೊಣೆ

ಕಾದಿರಿಸಿದ ದಿನವೇ ಪ್ರತಿ ಮನೆಯಿಂದಲೂ ಮುಂಗಡ ಪಡೆಯಬೇಕು, ಮತ್ತು ಅದು ಹಿಂತಿರುಗುವುದಿಲ್ಲವೆಂದು ನೇರವಾಗಿ ಹೇಳಬೇಕು. ಇದು ಬಿಗುಮಾನದ ಮಾತಲ್ಲ. ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಗ್ರೂಪ್ ಸೈಟನ್ನು ಹದಿನಾಲ್ಕು ದಿನಗಳಿಗಿಂತ ಕಡಿಮೆ ಅವಧಿ ಉಳಿದಿರುವಾಗ ರದ್ದುಮಾಡಿದರೆ ಸೇವಾಶುಲ್ಕದ ಜೊತೆಗೆ ಮೊದಲ ರಾತ್ರಿಯ ಬಾಡಿಗೆಯೂ ಹೋಗುತ್ತದೆ. ಹೇಳದೆ ಕೇಳದೆ ಹೋಗದೇ ಇದ್ದರೆ ನಷ್ಟ ಇನ್ನೂ ಹೆಚ್ಚು. ಮುಂಗಡ ಕೊಟ್ಟವರಷ್ಟೇ ಬರುವವರು ಎಂದು ಲೆಕ್ಕ ಹಿಡಿದರೆ ವಾಟ್ಸ್‌ಆ್ಯಪ್ ಗುಂಪಿನ ಇಪ್ಪತ್ತು ಮನೆ ತಾನಾಗಿಯೇ ಹತ್ತಕ್ಕೆ ಇಳಿಯುತ್ತದೆ. ಮುಂದಿನ ಖರ್ಚುಗಳನ್ನು ಸ್ಪ್ಲಿಟ್‌ವೈಸ್‌ನಂಥ ಆ್ಯಪ್‌ನಲ್ಲಿ ಬರೆಯುತ್ತ ಹೋಗಬಹುದು, ಆದರೆ ಹಂಚಿಕೆ ಮನೆಗಿಷ್ಟೋ ತಲೆಗಿಷ್ಟೋ, ಐದು ವರ್ಷದೊಳಗಿನ ಮಕ್ಕಳು ಲೆಕ್ಕಕ್ಕಿದ್ದಾರೋ ಇಲ್ಲವೋ ಎಂಬುದನ್ನು ಖರ್ಚು ಶುರುವಾಗುವ ಮೊದಲೇ ಬರೆದಿಡಬೇಕು.

ಹೊಣೆಯ ವಿಷಯದಲ್ಲಿ ಒಂದೇ ನಿಯಮ: ಒಂದು ವಸ್ತು, ಒಂದು ಮನೆ. ‘ಎಲ್ಲರೂ ಒಂದಿಷ್ಟು ತರೋಣ’ ಎಂದು ಬಿಟ್ಟರೆ ಏಳು ಪೊಟ್ಟಣ ಚಿಪ್ಸ್ ಬರುತ್ತದೆ, ಈರುಳ್ಳಿ ಹೆಚ್ಚುವ ಚಾಕು ಬರುವುದಿಲ್ಲ. ಸ್ಟೋವ್ ಮತ್ತು ಗ್ಯಾಸ್ ಒಬ್ಬರದು, ದೊಡ್ಡ ಪಾತ್ರೆ ಮತ್ತು ಸೌಟು ಇನ್ನೊಬ್ಬರದು, ನೀರಿನ ಕ್ಯಾನ್‌ಗಳು ಮತ್ತೊಬ್ಬರದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬೇರೊಬ್ಬರದು ಎಂಬಂತೆ ಹೆಸರಿನೊಂದಿಗೆ ಹಂಚಿ, ಹೊರಡುವ ಎರಡು ದಿನ ಮೊದಲು ಪ್ರತಿಯೊಬ್ಬರೂ ತಮ್ಮ ಸಾಮಾನಿನ ಫೋಟೋ ಹಾಕಬೇಕೆಂದು ಗೊತ್ತುಮಾಡಿದರೆ ಮರೆವಿಗೆ ಎಡೆಯಿರುವುದಿಲ್ಲ. ಸೈಟ್ ಕಾದಿರಿಸಿದವರು ಶುಕ್ರವಾರವೇ, ಫೋಟೋ ಇರುವ ಗುರುತಿನ ಚೀಟಿಯೊಂದಿಗೆ, ಎಲ್ಲರಿಗಿಂತ ಮೊದಲು ತಲುಪಬೇಕು.

ಡೇರೆ, ಹಾಸಿಗೆ, ಹಿರಿಯರು

ಡೇರೆಯ ಮೇಲೆ ‘ನಾಲ್ಕು ಜನರಿಗೆ’ ಎಂದು ಬರೆದಿದ್ದರೆ ನಾಲ್ಕು ಜನ ಭುಜಕ್ಕೆ ಭುಜ ತಾಗಿಸಿ ಮಲಗಬಹುದು ಎಂದಷ್ಟೇ ಅರ್ಥ, ಚೀಲಗಳಿಗೆ ಜಾಗವಿಲ್ಲ. ನಾಲ್ಕು ಜನರ ಕುಟುಂಬಕ್ಕೆ ಆರು ಜನರ ಡೇರೆ ಬೇಕು. ಮೊದಲ ಸಲಕ್ಕೇ ಎಲ್ಲವನ್ನೂ ಕೊಳ್ಳುವ ಅಗತ್ಯವಿಲ್ಲ. ಆರ್‌ಇಐ ಎಂಬ ಕ್ಯಾಂಪಿಂಗ್ ಸಾಮಾನಿನ ಅಂಗಡಿಗಳು ಹಲವೆಡೆ ಡೇರೆ, ಸ್ಲೀಪಿಂಗ್ ಬ್ಯಾಗ್‌ಗಳನ್ನು ಬಾಡಿಗೆಗೆ ಕೊಡುತ್ತವೆ. ಕೊಂಡರೂ ಬಾಡಿಗೆಗೆ ತಂದರೂ ಹಿಂದಿನ ವಾರ ಮನೆಯ ಹಿತ್ತಲಲ್ಲೋ ಹತ್ತಿರದ ಪಾರ್ಕಿನಲ್ಲೋ ಒಮ್ಮೆ ಕಟ್ಟಿ ಬಿಚ್ಚಲೇಬೇಕು. ಡೇರೆಯಡಿ ಹಾಸುವ ಟಾರ್ಪಾಲಿನ ಅಂಚು ಡೇರೆಯಿಂದ ಹೊರಗೆ ಚಾಚಿರಬಾರದು. ಚಾಚಿದರೆ ಮಳೆನೀರು ಅದರ ಮೇಲೆ ಬಿದ್ದು ನೇರವಾಗಿ ನಮ್ಮ ಬೆನ್ನಡಿಗೆ ಹರಿದುಬರುತ್ತದೆ. ಒಣಗಿದ ಕೊಂಬೆಯ ಕೆಳಗೆ ಮತ್ತು ತಗ್ಗಿನಲ್ಲಿ ಡೇರೆ ಹೂಡಬಾರದು.

ಬೇಸಿಗೆಯೆಂದು ಚಳಿಯನ್ನು ಹಗುರವಾಗಿ ಕಾಣುವಂತಿಲ್ಲ. ಸಾವಿರ ಅಡಿ ಮೇಲೇರಿದರೆ ಉಷ್ಣತೆ ಸುಮಾರು ಮೂರೂವರೆ ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತದೆ. ಯೊಸೆಮಿಟಿಯಲ್ಲಿ ಸುಮಾರು 8,600 ಅಡಿ ಎತ್ತರದ ಟುಆಲಮಿ ಮೆಡೋಸ್‌ನಲ್ಲಿ ಜುಲೈ ರಾತ್ರಿಯೂ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಬರಬಹುದು. ಮೇಲೆ ಹೊದೆಯುವುದಕ್ಕಿಂತ ಕೆಳಗೆ ಹಾಸುವುದು ಮುಖ್ಯ, ಏಕೆಂದರೆ ಮೈಯ ಶಾಖವನ್ನು ನೆಲವೇ ಹೆಚ್ಚು ಎಳೆದುಕೊಳ್ಳುತ್ತದೆ. ಬರಿಯ ಗಾಳಿ ತುಂಬಿದ ಹಾಸಿಗೆ ಈ ವಿಷಯದಲ್ಲಿ ನಿರುಪಯೋಗಿ. ಅದರ ಮೇಲೊಂದು ದಪ್ಪ ಕಂಬಳಿ ಹಾಸಬೇಕು.

ಬೇಸಿಗೆಯಲ್ಲಿ ಊರಿನಿಂದ ತಂದೆತಾಯಿಯರು ಬಂದಿರುವುದೇ ಹೆಚ್ಚು. ಅವರನ್ನು ಮನೆಯಲ್ಲಿ ಬಿಟ್ಟು ಬರುವುದು ಸರಿಯಲ್ಲ, ನೆಲದ ಮೇಲೆ ಮಲಗಿಸುವುದೂ ಸರಿಯಲ್ಲ. ಅನೇಕ ಸ್ಟೇಟ್ ಪಾರ್ಕ್‌ಗಳಲ್ಲಿ ಮಂಚವಿರುವ ಸಣ್ಣ ಕ್ಯಾಬಿನ್‌ಗಳು ಬಾಡಿಗೆಗೆ ಸಿಗುತ್ತವೆ. ಹಿರಿಯರೆಲ್ಲರಿಗೂ ಸೇರಿಸಿ ಅಂಥದ್ದೊಂದನ್ನು ಹಿಡಿಯಬಹುದು. ಸಿಗದಿದ್ದರೆ ಮಡಿಚುವ ಮಂಚ ತಂದು ಅವರ ಡೇರೆಯನ್ನು ಶೌಚಾಲಯಕ್ಕೆ ಹತ್ತಿರ, ದಾರಿ ಸಮತಟ್ಟಾಗಿರುವ ಕಡೆ ಹೂಡಬೇಕು. ಅವರ ಮಾತ್ರೆಗಳು, ಸಂದರ್ಶಕರ ವಿಮೆಯ ಕಾರ್ಡು, ಹತ್ತಿರದ ಅರ್ಜೆಂಟ್ ಕೇರ್‌ನ ವಿಳಾಸ ಒಂದೇ ಚೀಲದಲ್ಲಿರಲಿ. ಅಮೆರಿಕದ ಪೌರರಲ್ಲದ ವಯಸ್ಕರು ತಮ್ಮ ನೋಂದಣಿಯ ದಾಖಲೆಯನ್ನು, ಎಂದರೆ ಗ್ರೀನ್ ಕಾರ್ಡನ್ನು ಅಥವಾ ದೇಶ ಪ್ರವೇಶದ ದಾಖಲೆಯಾದ ಐ-94ರ ಪ್ರತಿಯನ್ನು, ಜೊತೆಯಲ್ಲಿಟ್ಟುಕೊಂಡಿರಬೇಕೆಂದು ಕಾನೂನಿದೆ. ಕೆನಡಾ ಅಥವಾ ಮೆಕ್ಸಿಕೋ ಗಡಿಯ ಸಮೀಪಕ್ಕೆ ಹೋಗುವಾಗ ಇದನ್ನು ಮರೆಯಬಾರದು.

ಹಲವು ಕ್ಯಾಂಪ್‌ಗ್ರೌಂಡ್‌ಗಳಲ್ಲಿರುವುದು ನೀರಿಲ್ಲದ ಗುಂಡಿ ಶೌಚಾಲಯ. ಅಲ್ಲಿ ನಲ್ಲಿಯಿಲ್ಲ, ಫ್ಲಷ್ ಇಲ್ಲ, ರಾತ್ರಿ ದೀಪವೂ ಇಲ್ಲದಿರಬಹುದು. ಪ್ರತಿ ಮನೆಗೂ ಮೂತಿಯಿರುವ ಒಂದು ನೀರಿನ ಬಾಟಲಿ, ಕೈ ತೊಳೆಯಲು ಸ್ಯಾನಿಟೈಸರ್, ಹಣೆಗೆ ಕಟ್ಟುವ ಟಾರ್ಚ್ ಇರಬೇಕೆಂದು ಸಂಕೋಚವಿಲ್ಲದೆ ಮೊದಲೇ ಹೇಳಿಬಿಡಿ. ಡೈಪರನ್ನಾಗಲಿ ಊಟದ ಎಂಜಲನ್ನಾಗಲಿ ಆ ಗುಂಡಿಗೆ ಹಾಕಬಾರದು.

ಅಡುಗೆ

ನಮ್ಮ ಗುಂಪುಗಳು ಎಡವುವುದು ಇಲ್ಲಿಯೇ. ಮನೆಯ ಹಬ್ಬದ ಅಡುಗೆಯನ್ನು ಕಾಡಿನಲ್ಲಿ ಮಾಡಲು ಹೋಗಿ ನಾಲ್ಕು ಮಂದಿ ಎರಡು ದಿನವೂ ಒಲೆಯ ಮುಂದೆಯೇ ನಿಲ್ಲುತ್ತಾರೆ, ಅವರಲ್ಲಿ ಹೆಚ್ಚಿನವರು ಹೆಂಗಸರೇ ಆಗಿರುತ್ತಾರೆ. ಊಟಗಳನ್ನು ಪಾಳಿಯ ಮೇಲೆ ಹಂಚಿ, ಪ್ರತಿ ಪಾಳಿಯಲ್ಲೂ ಗಂಡಸರ ಹೆಸರಿರುವಂತೆ ನೋಡಿಕೊಂಡರೆ ಅರ್ಧ ಸಮಸ್ಯೆ ತೀರುತ್ತದೆ. ಉಳಿದರ್ಧವನ್ನು ಪಟ್ಟಿಯಿಂದಲೇ ತೀರಿಸಬೇಕು.

ಶುಕ್ರವಾರ ರಾತ್ರಿ ಟ್ರಾಫಿಕ್ಕಿನಲ್ಲಿ ಸಿಕ್ಕಿ ಬೇರೆ ಬೇರೆ ಹೊತ್ತಿಗೆ ತಲುಪುವುದರಿಂದ ಆ ಹೊತ್ತಿಗೆ ಒಲೆ ಹಚ್ಚುವುದೇ ಬೇಡ. ಚಪಾತಿ, ಒಣಪಲ್ಯ, ಚಟ್ನಿಪುಡಿಯನ್ನು ಪ್ರತಿ ಮನೆಯವರೂ ತಮ್ಮ ಪಾಲಿಗೆ ತಾವೇ ತರಲಿ. ಶನಿವಾರ ಬೆಳಿಗ್ಗೆ ಉಪ್ಪಿಟ್ಟಿಗಿಂತ ಸುಲಭವಾದದ್ದಿಲ್ಲ: ರವೆಯನ್ನು ಮನೆಯಲ್ಲೇ ಹುರಿದು, ಸಾಸಿವೆ, ಕಡಲೆಬೇಳೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಯನ್ನೂ ಅದಕ್ಕೇ ಬೆರೆಸಿ ಡಬ್ಬಿಯಲ್ಲಿ ತುಂಬಿಕೊಂಡು ಬಂದರೆ, ಕ್ಯಾಂಪಿನಲ್ಲಿ ಉಳಿಯುವುದು ನೀರು ಕುದಿಸಿ ಉಪ್ಪು ಹಾಕಿ ಸುರಿಯುವ ಕೆಲಸ ಮಾತ್ರ. ತಲೆಗೆ ಎಪ್ಪತ್ತೈದು ಗ್ರಾಂ ರವೆ ಹಿಡಿದರೆ ಮೂವತ್ತೈದು ಜನಕ್ಕೆ ಎರಡೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಮಧ್ಯಾಹ್ನ ಎಲ್ಲರೂ ಕೆರೆಯ ಬಳಿಯೋ ಕಾಡುದಾರಿಯಲ್ಲೋ ಇರುವುದರಿಂದ ಬ್ರೆಡ್ಡು, ಹಣ್ಣು, ಚುರುಮುರಿ ಸಾಕು. ರಾತ್ರಿಗೆ ಬಿಸಿಬೇಳೆಬಾತ್ ಒಂದನ್ನೇ ಮಾಡಿ. ಭಾನುವಾರ ಮೊಸರವಲಕ್ಕಿ ತಿಂದು ಹೊರಟರೆ ಪಾತ್ರೆ ತೊಳೆಯುವ ಕೆಲಸವೂ ಕಡಿಮೆ.

ಒಲೆಯ ವಿಷಯದಲ್ಲಿ ಎರಡು ಮಾತು. ಎರಡು ಬರ್ನರಿನ ಮಾಮೂಲಿ ಕ್ಯಾಂಪ್ ಸ್ಟೋವ್ ಮೇಲೆ ಎರಡು ದೊಡ್ಡ ಪಾತ್ರೆಗಳು ಅಕ್ಕಪಕ್ಕ ಕೂರುವುದಿಲ್ಲ, ಮತ್ತು ಅದಕ್ಕೆ ಹಾಕುವ ಒಂದು ಪೌಂಡಿನ ಹಸಿರು ಪ್ರೊಪೇನ್ ಸಿಲಿಂಡರ್ ಹತ್ತು ಸಾವಿರ ಬಿಟಿಯು (ಶಾಖದ ಅಳತೆ) ಸಾಮರ್ಥ್ಯದ ಒಂದು ಬರ್ನರನ್ನು ಪೂರ್ಣ ಉರಿಯಲ್ಲಿ ಸುಮಾರು ಎರಡು ಗಂಟೆ ಮಾತ್ರ ಉರಿಸುತ್ತದೆ. ಮೂವತ್ತೈದು ಜನರ ಅಡುಗೆಗೆ ನೆಲದ ಮೇಲೆ ಭದ್ರವಾಗಿ ನಿಲ್ಲುವ ದೊಡ್ಡ ಬರ್ನರ್ ಮತ್ತು ಬಾರ್ಬೆಕ್ಯೂಗೆ ಬಳಸುವ ಇಪ್ಪತ್ತು ಪೌಂಡಿನ ಸಿಲಿಂಡರ್ ಬೇಕು. ಬೆಟ್ಟದ ಮೇಲಿನ ಕ್ಯಾಂಪ್ ಆದರೆ ಕುಕ್ಕರ್ ಇಲ್ಲದೆ ಬೇಳೆ ಬೇಯಿಸುವ ಯೋಚನೆ ಮಾಡಬೇಡಿ: ಎಂಟು ಸಾವಿರ ಅಡಿಯಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಷಿಯಸ್‌ಗೇ ಕುದಿಯುವುದರಿಂದ ತೆರೆದ ಪಾತ್ರೆಯ ತೊಗರಿಬೇಳೆ ಎಷ್ಟು ಹೊತ್ತಾದರೂ ಕಾಳುಕಾಳಾಗಿಯೇ ಉಳಿಯುತ್ತದೆ. ಮಳೆ ಬಂದರೂ ಸರಿಯೇ, ಯಾವ ಒಲೆಯನ್ನೂ, ಕೆಂಡವನ್ನೂ ಡೇರೆಯೊಳಗೆ ತರಕೂಡದು. ಅವುಗಳಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಹಾಲು, ಮೊಸರು, ಹೆಚ್ಚಿದ ತರಕಾರಿಗಳನ್ನು 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಡಬೇಕು. ಕುಡಿಯುವ ಪಾನೀಯಗಳ ಕೂಲರ್ ಬೇರೆ, ಅಡುಗೆಯ ಕೂಲರ್ ಬೇರೆ ಇರಲಿ. ಮಕ್ಕಳು ಜ್ಯೂಸಿಗಾಗಿ ಗಳಿಗೆಗೊಮ್ಮೆ ತೆರೆಯುವ ಕೂಲರಿನಲ್ಲಿ ಮೊಸರು ಉಳಿಯುವುದಿಲ್ಲ. ಪುಡಿ ಐಸ್‌ಗಿಂತ ಗಟ್ಟಿ ಐಸ್ ಹೆಚ್ಚು ಹೊತ್ತು ಬಾಳುತ್ತದೆ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು, ಬಿಸಿಲು 90 ಡಿಗ್ರಿ ದಾಟಿದ್ದರೆ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದೆಂಬುದು ಇಲ್ಲಿನ ಕೃಷಿ ಇಲಾಖೆಯ ಸೂಚನೆ. ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುವ ನಮ್ಮ ಅಭ್ಯಾಸವನ್ನು ಈ ಎರಡು ದಿನದ ಮಟ್ಟಿಗೆ ಬಿಡಬೇಕು, ಏಕೆಂದರೆ ಹೊರಗುಳಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯ ಬಿಡುವ ವಿಷ ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ನಲ್ಲಿಯಿಲ್ಲದ ಕಡೆಗೆ ತಲೆಗೆ ದಿನಕ್ಕೊಂದು ಗ್ಯಾಲನ್ ನೀರು ಒಯ್ಯಬೇಕು.

ಕರಡಿ ಮತ್ತು ಕೊಬ್ಬರಿ ಎಣ್ಣೆ

ಕರಡಿಗಳಿರುವ ಪಾರ್ಕ್‌ಗಳಲ್ಲಿ ‘ಆಹಾರ’ವೆಂದರೆ ವಾಸನೆಯಿರುವ ಎಲ್ಲವೂ ಸೇರುತ್ತದೆ: ಟೂತ್‌ಪೇಸ್ಟ್, ಸಾಬೂನು, ಮಗುವನ್ನು ಒರೆಸುವ ಒದ್ದೆ ಕಾಗದ, ಲಿಪ್ ಬಾಮ್, ಅಜ್ಜಿಯ ಚೀಲದಲ್ಲಿರುವ ಕೊಬ್ಬರಿ ಎಣ್ಣೆಯ ಸೀಸೆ. ಇವೆಲ್ಲವನ್ನೂ ಸೈಟಿನಲ್ಲಿರುವ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಬೇಕು. ಯೊಸೆಮಿಟಿಯಲ್ಲಿ ಕತ್ತಲಾದ ಮೇಲೆ ಆಹಾರವನ್ನು ಕಾರಿನಲ್ಲಿಡುವುದೂ ನಿಷಿದ್ಧ, ದಂಡ ಐದು ಸಾವಿರ ಡಾಲರ್‌ವರೆಗೆ ಹೋಗಬಹುದು. ಷೆನಂಡೋವಾದಲ್ಲಿ ಕಾರಿನೊಳಗೆ ಮುಚ್ಚಿಡಬಹುದು. ಹೀಗೆ ನಿಯಮ ಪಾರ್ಕಿನಿಂದ ಪಾರ್ಕಿಗೆ ಬೇರೆಯಾಗುತ್ತದೆ. ಯೊಸೆಮಿಟಿಯ ಪೆಟ್ಟಿಗೆಯ ಎತ್ತರ ಹದಿನೆಂಟು ಅಂಗುಲವಷ್ಟೇ, ಆದ್ದರಿಂದ ದೊಡ್ಡ ಕೂಲರನ್ನು ಕೊಳ್ಳುವ ಮೊದಲು ಅಳತೆ ನೋಡಿ. ಎಂಜಲು ಪಾತ್ರೆಗಳನ್ನು ರಾತ್ರಿ ನೆನೆಹಾಕಿ ಮಲಗುವಂತಿಲ್ಲ. ಪಾತ್ರೆ ತೊಳೆದ ನೀರನ್ನು ಸೋಸಿ, ಅಗುಳನ್ನು ಕಸದ ಚೀಲಕ್ಕೆ ಹಾಕಿ, ನೀರನ್ನು ಕ್ಯಾಂಪ್‌ಗ್ರೌಂಡಿನವರು ತೋರಿಸಿದ ಜಾಗದಲ್ಲೇ ಚೆಲ್ಲಬೇಕು; ಹಳ್ಳಕ್ಕಾಗಲಿ ಕುಡಿಯುವ ನೀರಿನ ನಲ್ಲಿಯ ಬುಡಕ್ಕಾಗಲಿ ಅಲ್ಲ.

ಬೆಂಕಿ, ರಾತ್ರಿ, ಮಕ್ಕಳು

ಮನೆಯ ಹಿತ್ತಲಿನ ಸೌದೆಯನ್ನು ಕಾರಿಗೆ ತುಂಬಿಕೊಂಡು ಹೋಗಬಾರದು. 2002ರಲ್ಲಿ ಮಿಷಿಗನ್‌ನ ಡೆಟ್ರಾಯಿಟ್ ಬಳಿ ಮೊದಲು ಕಂಡ ಎಮರಾಲ್ಡ್ ಆ್ಯಷ್ ಬೋರರ್ ಎಂಬ ಹಸಿರು ಕೀಟ ಕೋಟಿಗಟ್ಟಲೆ ಆ್ಯಷ್ ಮರಗಳನ್ನು ಕೊಂದಿದೆ, ಮತ್ತು ಅದು ಊರಿಂದೂರಿಗೆ ಹರಡಿದ ದಾರಿಗಳಲ್ಲಿ ಜನ ಒಯ್ದ ಸೌದೆಯೂ ಒಂದು. ನ್ಯೂಯಾರ್ಕ್ ರಾಜ್ಯದಲ್ಲಿ ಶಾಖದಿಂದ ಸಂಸ್ಕರಿಸದ ಸೌದೆಯನ್ನು ಐವತ್ತು ಮೈಲಿಗಿಂತ ದೂರ ಸಾಗಿಸುವಂತಿಲ್ಲ. ಗ್ರೇಟ್ ಸ್ಮೋಕಿ ಮೌಂಟನ್ಸ್‌ಗೆ ಹೊರಗಿನಿಂದ ತರುವ ಸೌದೆ ಶಾಖಸಂಸ್ಕಾರದ ಮುದ್ರೆಯುಳ್ಳದ್ದೇ ಆಗಿರಬೇಕು. ಅಲ್ಲಿಯೇ ಕೊಂಡು ಅಲ್ಲಿಯೇ ಉರಿಸುವುದು ಕ್ಷೇಮ. ಹೊರಡುವ ದಿನ ಬೆಂಕಿ ನಿಷೇಧವಿದೆಯೇ ಎಂದು ನೋಡಬೇಕು, ಯಾವ ಊಟವನ್ನೂ ಸೌದೆಯ ಬೆಂಕಿಯನ್ನು ನಂಬಿ ಯೋಜಿಸಬಾರದು. ಮಲಗುವ ಮುನ್ನ ನೀರು ಸುರಿದು, ಕದಡಿ, ಮತ್ತೆ ಸುರಿದು, ಬೂದಿಯನ್ನು ಮುಟ್ಟುವಷ್ಟು ತಣ್ಣಗಾಗುವವರೆಗೆ ಆರಿಸಬೇಕು.

ನ್ಯಾಷನಲ್ ಪಾರ್ಕ್‌ಗಳಲ್ಲಿ ಸಾಮಾನ್ಯವಾಗಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವಂತಿಲ್ಲ. ಅಂತ್ಯಾಕ್ಷರಿ ರಂಗೇರುವುದೇ ಹತ್ತರ ಹೊತ್ತಿಗೆ ಎಂಬುದು ನಿಜ. ಆದರೂ ಊಟವನ್ನು ಏಳಕ್ಕೇ ಮುಗಿಸಿ, ಹಾಡನ್ನು ಮುಸ್ಸಂಜೆಯಲ್ಲೇ ಶುರುಮಾಡಿ, ಒಂಬತ್ತೂಮುಕ್ಕಾಲಿಗೆ ಎದ್ದುಬಿಡುವುದು ಮರ್ಯಾದೆ. ಸ್ಪೀಕರ್ ತರಲೇಬೇಡಿ. ಬೀಗ ಹಾಕುವಾಗ ಕಾರು ಪೀಂ ಎನ್ನುವ ಸದ್ದನ್ನು ಮೊದಲೇ ಆಫ್ ಮಾಡಿಕೊಂಡು ಬರಲು ಎಲ್ಲರಿಗೂ ಹೇಳಿ. ನಡುರಾತ್ರಿ ಜಾಕೆಟ್ಟಿಗೆಂದು ಹೋದ ಒಬ್ಬರು ಇಡೀ ಕ್ಯಾಂಪ್‌ಗ್ರೌಂಡನ್ನೇ ಎಬ್ಬಿಸಬಲ್ಲರು.

ಹಗಲಿನಲ್ಲಿ ಅತಿ ಎಚ್ಚರ ಬೇಕಾದ ಜಾಗ ನೀರು. ಹತ್ತು ಜೊತೆ ತಂದೆತಾಯಿಯರು ದಡದಲ್ಲಿದ್ದಾಗ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆಂದು ಭಾವಿಸುತ್ತಾರೆ, ಹಾಗಾಗಿ ಯಾರೂ ನೋಡುತ್ತಿರುವುದಿಲ್ಲ. ಅರ್ಧ ಗಂಟೆಗೊಬ್ಬರಂತೆ, ಫೋನ್ ಮುಟ್ಟದೆ, ಮಕ್ಕಳನ್ನೇ ನೋಡುತ್ತ ಕೂರುವ ಪಾಳಿ ಮಾಡಿ, ಪಾಳಿಯವರ ಕೊರಳಿಗೆ ಸೀಟಿ ಹಾಕಿ. ಈಜು ಬಾರದ ಮಕ್ಕಳಿಗೆ ಲೈಫ್ ಜಾಕೆಟ್ ಕಡ್ಡಾಯ. ಗುಡುಗು ಕೇಳಿದೊಡನೆ ಎಲ್ಲರೂ ಕಾರುಗಳೊಳಗೆ ಸೇರಬೇಕು, ಡೇರೆ ಸಿಡಿಲಿನಿಂದ ಕಾಪಾಡುವುದಿಲ್ಲ. ಕೊನೆಯ ಗುಡುಗಿನ ಬಳಿಕ ಮೂವತ್ತು ನಿಮಿಷ ಕಾಯಬೇಕು. ಮುಟ್ಟಿದರೆ ಮೈ ತುರಿಸುವ, ಮೂರು ಎಲೆಗಳ ಗೊಂಚಲಿನ ಪಾಯ್ಸನ್ ಐವಿ ಮತ್ತು ಪಾಯ್ಸನ್ ಓಕ್ ಗಿಡಗಳ ಚಿತ್ರವನ್ನು ಮಕ್ಕಳಿಗೆ ಮನೆಯಲ್ಲೇ ತೋರಿಸಿ. ಮೊಬೈಲ್ ಸಿಗ್ನಲ್ ಇಲ್ಲದಿರುವ ಸಾಧ್ಯತೆಯೇ ಹೆಚ್ಚಾದ್ದರಿಂದ ನಕ್ಷೆಯನ್ನು ಆಫ್‌ಲೈನಿನಲ್ಲಿ ಇಳಿಸಿಕೊಂಡಿರಬೇಕು. ಐಫೋನ್ 14 ಮತ್ತು ಅದರ ನಂತರದ ಫೋನುಗಳಿಂದ ತುರ್ತು ಸಂದೇಶವನ್ನು ಉಪಗ್ರಹದ ಮೂಲಕ ಕಳಿಸಬಹುದು, ಗುಂಪಿನಲ್ಲಿ ಅದು ಯಾರ ಬಳಿಯಿದೆ ಎಂಬುದು ಗೊತ್ತಿರಲಿ.

ಭಾನುವಾರ

ಖಾಲಿ ಮಾಡುವ ಹೊತ್ತು ಹೆಚ್ಚಿನ ಕಡೆ ಹನ್ನೊಂದು ಅಥವಾ ಹನ್ನೆರಡು ಗಂಟೆ. ತಿಂಡಿಗೆ ಮೊದಲೇ ಡೇರೆಗಳನ್ನು ಬಿಚ್ಚಲು ಶುರುಮಾಡಿದರೆ ಮಾತ್ರ ಅಷ್ಟರೊಳಗೆ ಮುಗಿಯುತ್ತದೆ. ಕರಡಿ ಪೆಟ್ಟಿಗೆಯ ಮೂಲೆಗಳನ್ನು ಟಾರ್ಚ್ ಹಾಕಿ ನೋಡಿ, ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಸೈಟಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಕಸ ಹೆಕ್ಕಿಸಿ. ಖಾಲಿಯಾದ ಪ್ರೊಪೇನ್ ಸಿಲಿಂಡರುಗಳನ್ನು ಕಸದ ತೊಟ್ಟಿಗೆ ಎಸೆಯದೆ ಮನೆಗೆ ತಂದು, ನಿಮ್ಮ ಕೌಂಟಿಯ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಕೊಡಬೇಕು. ಮನೆ ಮುಟ್ಟಿದೊಡನೆ ಎಲ್ಲರೂ ಸ್ನಾನ ಮಾಡಿ ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ, ಕೂದಲ ಬುಡಗಳಲ್ಲಿ ಉಣ್ಣೆ ಹುಳು (ಟಿಕ್) ಹತ್ತಿದೆಯೇ ಎಂದು ನೋಡಿಕೊಳ್ಳಬೇಕು. ಈಶಾನ್ಯದ ರಾಜ್ಯಗಳಲ್ಲಿ ಲೈಮ್ ರೋಗವನ್ನು ಹರಡುವ ಉಣ್ಣೆಯ ಮರಿ ಗಸಗಸೆ ಕಾಳಿನಷ್ಟೇ ಇರುತ್ತದೆ. ಇಪ್ಪತ್ನಾಲ್ಕು ಗಂಟೆಯೊಳಗೆ ಸಣ್ಣ ಚಿಮುಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆದರೆ ಸೋಂಕಿನ ಸಾಧ್ಯತೆ ಬಹಳ ಕಡಿಮೆ. ಡೇರೆಯನ್ನು ಅದೇ ಸಂಜೆ ಗ್ಯಾರೇಜಿನಲ್ಲಿ ಹರಡಿ ಒಣಗಿಸಿ, ಇಲ್ಲವಾದರೆ ಮುಂದಿನ ಬೇಸಿಗೆಗೆ ಬೂಷ್ಟು ಹಿಡಿದ ಬಟ್ಟೆಯಷ್ಟೇ ಉಳಿದಿರುತ್ತದೆ. ಖರ್ಚಿನ ಲೆಕ್ಕವನ್ನು ಬುಧವಾರದೊಳಗೆ ಗುಂಪಿಗೆ ಹಾಕಿ, ಬಾಕಿ ಹಣವನ್ನು ಆ ವಾರಾಂತ್ಯದೊಳಗೆ ತೀರಿಸಲು ಎಲ್ಲರಿಗೂ ತಿಳಿಸಿ.